ಭಾವನಿಗೆ ಕೊಟ್ಟ ಗುಳಿಗೆ

ಶಾಲೆಯ ಮೇಷ್ಟರಾದ ನಮ್ಮನ್ನು ಮನೆಗಣತಿಗೆ ಹಾಕಿದ್ದರು. ನನಗೆ ಭೂಸನೂರು ಹಳ್ಳಿ ಬಂದಿತ್ತು. ಒಂದು ಮನೆಯಲ್ಲಿ ಗಂಡ ಹಿಂದಿನ ದಿನದಿಂದ ಜ್ವರದಲ್ಲಿ ಮಲಗಿದ್ದ. ಹೆಂಡತಿ ಅವನಿಗೆ ಗುಳಿಗೆ ಕೊಡುವುದರಲ್ಲಿದ್ದಳು. ಇಸಿದುಕೊಂಡು ಹೆಸರು ಓದಿದೆ: ಸ್ಟಿರಾಯ್ಡ್.

“ಇದು ಯಾರು ಕೊಟ್ಟಾರ ತಂಗೀ?”

“ನಮ್ಮ ಭಾವಗ ದವಾಖಾನ್ಯಾಗ ಕೊಟ್ಟಿದ್ರಿ. ಇಂಥಾದೇ ಜ್ವರ, ಆರಾಮಾದ್ರು. ಉಳಿದಿದ್ವು. ಇದನ್ನೂ ಬರ್ಕೋತೀರೇನ್ರಿ? ರೇಷನ್ ಕಾರ್ಡ್ ಕಟ್ ಆಗ್ತದೇನು?”

ಇಲ್ಲವೆಂದರೂ ನಂಬದೆ ಗುಳಿಗೆ ಕಸಿದು ಸೆರಗಿನಲ್ಲಿ ಮುಚ್ಚಿಕೊಂಡಳು.

ಹಿಂದೊಮ್ಮೆ ವೈದ್ಯರು ನನಗೆ ಹೇಳಿದ್ದನ್ನೇ ಆಕೆಗೆ ಹೇಳಿದೆ. ಇಂಥ ವೈರಸ್ ಜ್ವರದ ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು ವೈರಸ್ಸಿನೊಡನೆ ಕಾದಾಡಬೇಕು. ಈ ಗುಳಿಗೆ ಅವುಗಳ ಕೈ ಕಟ್ಟುತ್ತದೆ. ಭಾವನಲ್ಲಿ ಆಮೇಲಿನ ದಿನಗಳಲ್ಲಿ ಅವೇ ಕಣಗಳು ಮಿತಿಮೀರಿ ಶ್ವಾಸಕೋಶವನ್ನೇ ಕೆಡಿಸುತ್ತಿದ್ದಿರಬೇಕು, ಅದಕ್ಕೇ ಕೊಟ್ಟಿದ್ದಾರೆ.

“ನೀವೇನು ಡಾಕ್ಟರೇನ್ರಿ?”

“ಅಲ್ಲವ್ವ. ನನ್ನ ಹೆಂಡತಿಗೆ ಜ್ವರ ಬಂದ ಎರಡನೇ ದಿನಾನೇ ಇದನ್ನ ಕೊಟ್ಟಿದ್ದೆ. ನಮ್ಮಣ್ಣ ತಗೊಂಡು ಮಿಗಿಸಿದ್ದ ಗುಳಿಗೆ. ಆಕಿ ಉಳೀಲಿಲ್ಲ. ಇದರಿಂದಲೇ ಅಂತ ಯಾರೂ ಹೇಳಿಲ್ಲ, ಅಲ್ಲ ಅಂತಾನೂ ಹೇಳಿಲ್ಲ.”

ಆಕೆ ಆಳಂದದ ದವಾಖಾನೆಗೆ ಹೋಗಲು ಆಟೋಗೆ ಫೋನ್ ಮಾಡಿದಳು. ಗುಳಿಗೆಗಳನ್ನು ನನ್ನ ಕೈಗಿಟ್ಟು, ಹಳೆಯ ನೋಟ್‌ಬುಕ್ ಮುಂದೆ ಸರಿಸಿದಳು. “ನೀವೇ ಒಯ್ದೀರಿ ಅಂತ ಬರದು ಸಹಿ ಮಾಡ್ರಿ, ಸರ.”

ಮಾಡಿದೆ. ಅಷ್ಟು ಮನೆಗಳಲ್ಲಿ ಜನರ ಸಹಿ ನಾನು ಹಾಕಿಸಿಕೊಂಡಿದ್ದೆ; ಸರ್ಕಾರದ ಕಡೆಯವನಾದ ನನ್ನಿಂದಲೇ ಸಹಿ ಹಾಕಿಸಿಕೊಂಡವಳು ಆಕೆಯೊಬ್ಬಳೇ.