ವಲ್ಲಿಯ ಕೆಳಗೆ ಕೈ ಹಾಕದ ಮಾಬುಬಿ

ಗದಗಿನ ಕಾಳಿನ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಕೂಗಿ ಹೇಳುತ್ತಿದ್ದ ವ್ಯಾಪಾರಿ ಒಬ್ಬಳೇ. ಹೆಸರು ಮಾಬುಬಿ, ಊರು ಲಕ್ಷ್ಮೇಶ್ವರ. ಅವಳ ದನಿ ಎಂಥದೆಂದರೆ, ನಮ್ಮ ಸಾಲಿನ ತುದಿಯ ಚಹಾದಂಗಡಿಯಲ್ಲಿ ಕೂತವರು ಕಪ್ಪು ಕೆಳಗಿಡದೆ ಅಂದಿನ ತೊಗರಿಯ ದರ ತಿಳಿದುಕೊಳ್ಳುತ್ತಿದ್ದರು. ಅವಳ ಅಂಗಡಿಯ ಎದುರಿಗೇ ನನ್ನ ಅಂಗಡಿ. ಹಾಗಾಗಿ ಆ ದನಿಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕೇಳಿದವನು ನಾನು.

ನಾನು ಬೆಳೆದ ರೀತಿ ಇದಕ್ಕೆ ಪೂರ್ತಿ ಉಲ್ಟಾ. ಮುಂಡರಗಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತ ಮೇಲೆ ಬಂದವನು. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು. ಬಾಯಿ ಮಳೆಯ ಬಗ್ಗೆ, ಮಗಳ ಮದುವೆಯ ಬಗ್ಗೆ ಮಾತಾಡುತ್ತಿರುತ್ತದೆ. ಬೆರಳು ತನ್ನ ಕೆಲಸ ಮಾಡುತ್ತಿರುತ್ತದೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯಬಾರದು, ಅದೇ ಅದರ ಸೊಗಸು. ಕಾಳಿನ ವ್ಯಾಪಾರಕ್ಕೆ ಬಂದ ಮೇಲೂ ನಾನು ವಲ್ಲಿ ಬಿಡಲಿಲ್ಲ. ಈಗ ಪೇಟೆಯ ಟೆಂಡರೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನಿಜ. ಆದರೆ ಅಂಗಡಿ ಕಟ್ಟೆಯ ಮೇಲಿನ ಖಾಸಗಿ ಮಾತುಕತೆ ಇವತ್ತಿಗೂ ಬೆರಳಿನದೇ.

ಮಾಬುಬಿಯ ಗಂಡ ದಾವಲಸಾಬನೂ ಬೆರಳಿನ ಮನುಷ್ಯ, ನನ್ನ ಗೆಳೆಯ. ಅವನು ಹೋದ. ಗಂಡ ಸತ್ತ ಹೆಂಗಸು ಹೊರಗೆ ಬರಬಾರದ ಇದ್ದತ್ತಿನ ತಿಂಗಳುಗಳು ಮುಗಿದ ಮರುದಿನವೇ ಅವಳು ಬಂದು ಅಂಗಡಿಯ ಬಾಗಿಲು ತೆಗೆದಳು. ಲಕ್ಷ್ಮೇಶ್ವರ ರಸ್ತೆಯಲ್ಲಿ ಅವರದೊಂದು ಸಣ್ಣ ಬೇಳೆ ಮಿಲ್ಲೂ ಇತ್ತು. ಮೊದಲ ದಿನ ಹುಬ್ಬಳ್ಳಿಯ ಖರೀದಿದಾರನೊಬ್ಬ ರೂಢಿಯಂತೆ ವಲ್ಲಿ ಹೊದಿಸಿದ ಕೈಯನ್ನು ಅವಳ ಮುಂದೆ ಚಾಚಿ, ಮರುಕ್ಷಣ ಏನು ಮಾಡಿದೆನೆಂದು ತಿಳಿದು ಹಾಗೇ ನಿಂತುಬಿಟ್ಟ. ಕೈ ಹಿಂದಕ್ಕೆಳೆದರೆ ಅವಮಾನ, ಮುಂದಿಟ್ಟರೆ ಇನ್ನೂ ಅವಮಾನ. ಸುತ್ತಲಿದ್ದವರೆಲ್ಲ ನೆಲ ನೋಡಿದರು. ದಾವಲಸಾಬನ ಗಿರಾಕಿಗಳು ಇನ್ನು ನನ್ನ ಕಡೆ ಬರುತ್ತಾರೆಂದು ನಾನು ಮನಸ್ಸಿನಲ್ಲೇ ಜಾಗ ಮಾಡಿಕೊಳ್ಳುತ್ತಿದ್ದೆ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು.

"ನನ್ನ ಕೈ ಹಿಡಿಯಾಕ ಒಬ್ಬಾಂವ ಇದ್ದ, ಹೋದ. ನಿಮ್ಮ ಕೈ ನಿಮ್ಮ ಹಂತ್ಯಾಕ ಇರ್ಲಿ. ನಾ ಬಾಯಿಲೆ ಹೇಳತೀನಿ, ಕೇಳಸ್ಕೋರಿ."

ಹೇಳಿದಳು. ಸಾಲಿಗೆ ಸಾಲೇ ಕೇಳಿಸಿಕೊಂಡಿತು. ಮೊದಲ ವಾರ ನಾವೆಲ್ಲ ನಕ್ಕೆವು. ಎರಡನೆಯ ಸುಗ್ಗಿಯ ಹೊತ್ತಿಗೆ ಕೊರ್ಲಹಳ್ಳಿಯ ಹನುಮಪ್ಪ, ಬಹಳ ವರ್ಷ ನನಗೇ ಕಾಳು ಹಾಕುತ್ತಿದ್ದವನು, ಟ್ರ್ಯಾಕ್ಟರನ್ನು ಅವಳ ಅಂಗಡಿಗೆ ತಿರುಗಿಸಿದ. ಯಾಕೆಂದು ಕೇಳಿದೆ.

"ನಿಮ್ಮ ವಲ್ಲ್ಯಾಗ ಏನ್ ನಡದೈತಿ ನಮಗ ತಿಳ್ಯಾಂಗಿಲ್ರಿ ಈರಪ್ಪಣ್ಣಾರ. ಆಕೀದು ನಾ ಚಾ ಕುಡಕೋಂತ ಕೇಳತೀನಿ" ಎಂದ.

ಹೊಟ್ಟೆಕಿಚ್ಚು ಎನ್ನುವುದು ನನ್ನಲ್ಲಿ ಅವತ್ತು ಕೂತಿತು. ಅದನ್ನು ಬೇರೆಯವರಿಂದ ಮುಚ್ಚಿಟ್ಟಿದ್ದೆ, ಅವಳಿಂದ ಆಗಲಿಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರೆ ನನಗೊಂದು ರೊಟ್ಟಿ ಎತ್ತಿಡದೆ ತಾನು ತುತ್ತು ಮುರಿಯುತ್ತಿರಲಿಲ್ಲ. ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕುತ್ತ, "ಉಣ್ರಿ ಅಣ್ಣಾರ, ಹೊಟ್ಟಿಕಿಚ್ಚಿಗೆ ಪುಂಡಿಪಲ್ಲೆ ಚಲೋ" ಎನ್ನುತ್ತಿದ್ದಳು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಎಂದೂ ಕಣ್ಣಿಗೇರಿಸಿದ್ದು ನಾನು ಕಾಣೆ. ಬಾಯಲ್ಲಿ ಸದಾ ಒಂದು ತೊಗರಿಕಾಳು. ಸಿಟ್ಟು ಬಂದಾಗ ಅದು ಒಡೆಯುವ ಸದ್ದು ಕೇಳುತ್ತಿತ್ತು. ಆಗ ಹಮಾಲರು ಮಾತು ನಿಲ್ಲಿಸುತ್ತಿದ್ದರು.

ಒಂದು ದಿನ ಅವಳ ಮಿಲ್ಲಿಗೆ ಬಂದ ತೊಗರಿ ಚೀಲದ ಮೇಲೆ ಯಾವುದೋ ಪರದೇಶದ ಊರಿನ ಹೆಸರು ಕಂಡಿತು. ಆಫ್ರಿಕಾದ ತಾಂಜಾನಿಯಾದ್ದು. ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ಕೈ ಬದಲಾಗುತ್ತ ಗದಗಿಗೆ ಬರುತ್ತದೆ. ಮಾಬುಬಿ ಆ ಚೀಲದ ಮೇಲೇ ಕೂತಳು.

"ಅಣ್ಣಾರ, ಈ ಕಾಳು ನನ್ನ ಹಂತ್ಯಾಕ ಬರೂದ್ರಾಗ ಎಷ್ಟು ಮಂದಿ ಇದರಾಗ ಕೈ ಹಾಕ್ಯಾರ. ನಾವ ಆ ದೇಶದಾಗ ಒಂದು ಕಂಪನಿ ತಗದು ಮೊದಲನೇ ಕೈ ಆದ್ರ ಹ್ಯಾಂಗ?"

'ನಾವ' ಎಂದಳು. ಆ ಒಂದು ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಮುಂದಿನ ತಿಂಗಳುಗಳಲ್ಲಿ ಅವಳಿಗೆ ನಾನು ಕೊಟ್ಟ ಸಲಹೆಗಳನ್ನು, ಪರದೇಶದಲ್ಲಿ ದುಡ್ಡು ಹೂಡುವ ಯಾರಿಗೆ ಬೇಕಾದರೂ ಇವತ್ತಿಗೂ ಕೊಡುತ್ತೇನೆ. ಮೊದಲು ಹೋಗಿ ಅಲ್ಲಿಯ ಸಂತೆ ನೋಡಿ, ಆಮೇಲೆ ವಕೀಲನನ್ನು ನೋಡಿ. ದುಡ್ಡು ಕೊಟ್ಟರೆ ಮನೆಯಲ್ಲಿ ಕೂತಲ್ಲೇ ಕಂಪನಿ ಮಾಡಿಕೊಡುತ್ತೇನೆ ಎನ್ನುವ ಏಜೆಂಟನ ಚಹಾ ಕೂಡ ಕುಡಿಯಬೇಡಿ. ಕಂಪನಿಗೆ ಇಡುವ ಹೆಸರು ಬೇರೆಯವರು ಮೊದಲೇ ಇಟ್ಟಿರಬಹುದು, ಆದ್ದರಿಂದ ಎರಡು ಮೂರು ಹೆಸರು ಜೇಬಿನಲ್ಲಿರಲಿ. ಆ ದೇಶದಲ್ಲಿ ಒಂದು ವಿಳಾಸ ಬೇಕು, ಅದು ಬಾಡಿಗೆ ಕರಾರು ಇರುವ ಖರೆ ವಿಳಾಸ ಆಗಿರಲಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಮಾಡುವ ಮುಂಚೆ ನಿಮ್ಮ ಮನುಷ್ಯನೊಬ್ಬ ಓದಲಿ, ವಕೀಲನ ಮನುಷ್ಯನಲ್ಲ. ಮತ್ತು ಪಾಲುದಾರ ಯಾರೆಂಬುದನ್ನು ವಿಮಾನ ಹತ್ತುವ ಮುಂಚೆ ತೀರ್ಮಾನಿಸಿ.

ಈ ಕೊನೆಯ ಸಲಹೆಯನ್ನು ಅವಳಿಗೆ ಹಲವು ಬಾರಿ ಕೊಟ್ಟೆ. "ಕಂಪನಿ ಅನ್ನೂದು ಒಬ್ರ ಹೆಗಲ ಮ್ಯಾಲೆ ನಿಂದ್ರೂದಲ್ಲ ತಂಗಿ" ಎಂದು ಸೂರು ನೋಡುತ್ತ ಹೇಳುತ್ತಿದ್ದೆ. "ಹೌದ್ರಿ ಅಣ್ಣಾರ" ಎನ್ನುತ್ತಿದ್ದಳು. ಅಷ್ಟೇ. ಬೆಟಗೇರಿಯ ದರ್ಜಿಯ ಹತ್ತಿರ ನಾನೊಂದು ಕೋಟು ಹೊಲಿಸಿಕೊಂಡೆ. ಜೊತೆಗೆ ಬರುತ್ತೀರಾ ಎಂದು ಅವಳು ಕೇಳಿದಾಗ ನನ್ನ ಪಾಸ್‌ಪೋರ್ಟು ಸಿದ್ಧವಿತ್ತು.

ತಾಂಜಾನಿಯಾದ ದೊಡ್ಡ ಊರು ದಾರ್ ಎಸ್ ಸಲಾಮಿನಲ್ಲಿ ನಾವು ಕಂಡ ವಕೀಲ ಗುಜರಾತಿ ಮೂಲದವನು, ಹಿಂದಿ ಆಡುತ್ತಿದ್ದ. ಮಾಬುಬಿಗೆ ಅದು ಮನೆಯ ಮಾತಿನಂತೆಯೇ ಆಯಿತು. ನಾನು ಅವರ ಮಾತಿನ ನಡುವೆ ತಲೆ ಆಡಿಸುತ್ತ ಕೂತೆ. ಅವನು ತನ್ನ ಫೀ ಹೇಳಿದ. ಹೆಚ್ಚಾಯಿತು. ಇಂಥ ಕಡೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಕೋಟಿನ ಮೇಲೆ ಹಾಕಿಕೊಂಡಿದ್ದ ವಲ್ಲಿ ಎಳೆದು, ಬಲಗೈಗೆ ಹೊದಿಸಿ, ಮೇಜಿನ ಮೇಲಿಂದ ಅವನ ಎದೆಯ ಕಡೆ ಚಾಚಿದೆ.

ವಕೀಲ ಕುರ್ಚಿ ಸಮೇತ ಹಿಂದಕ್ಕೆ ಸರಿದು ಗೋಡೆಗೆ ಹತ್ತಿದ. ಬಟ್ಟೆಯ ಕೆಳಗೆ ನಾನು ಏನು ಹಿಡಿದಿದ್ದೇನೆಂದು ಭಾವಿಸಿದನೋ, ಗಂಟೆ ಒತ್ತಿದ. ಕಾವಲಿನವನು ಒಳಗೆ ನುಗ್ಗಿದ. ನಾನು ಕೈ ಹಿಂತೆಗೆಯಲೂ ಹೆದರಿ ಹಾಗೇ ಕೂತಿದ್ದೆ.

ಮಾಬುಬಿ ನಗುವುದಕ್ಕೆ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಗುತ್ತಲೇ ವಲ್ಲಿಯನ್ನು ಎಳೆದು ಮೇಜಿನ ಮೇಲೆ ಹರವಿದಳು. "ಹೆದರಬೇಡಿ, ಒಳಗೆ ಬರೀ ಬೆರಳು" ಎಂದು ಹಿಂದಿಯಲ್ಲಿ ಹೇಳಿ, ಕಾವಲಿನವನೂ ಕೇಳುವಂತೆ ತಾನು ಕೊಡುವ ಫೀ ಎಷ್ಟೆಂದು ಕೂಗಿದಳು. ವಕೀಲನೂ ನಕ್ಕ. ಅವಳು ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲೆ ಒಪ್ಪಿಕೊಂಡ. ನನ್ನ ಕಡೆ ತಿರುಗಿ, "ಇಂತಾ ಊರಾಗ ವಲ್ಲಿ ಒಗ್ಯಾಣ ಹಾಕೂ ಹಗ್ಗಕ್ಕ ಇರ್ಲಿ ಅಣ್ಣಾರ" ಎಂದಳು.

ಕಂಪನಿಗೆ ಲಕ್ಷ್ಮೇಶ್ವರದ ಹೆಸರೇ ಬಂತು. ಮುಂಡರಗಿಯ ಹೆಸರನ್ನು ನಾನು ಸೂಚಿಸಿದ್ದೆ. ಅದನ್ನು ಮೂರನೆಯದಾಗಿ ಬರೆಸಿದ್ದಳು, ಅಲ್ಲಿಯವರೆಗೆ ಸರದಿ ಬರಲಿಲ್ಲ. ಕಂಪನಿಗೆ ಇಬ್ಬರು ಪಾಲುದಾರರು ಇರಲಿ ಎಂದ ವಕೀಲ. ಎರಡನೆಯವರು ಯಾರು ಎಂದು ಕೇಳಿದ. ನಾನು ಕೋಟಿನ ಗುಂಡಿ ಹಾಕಿಕೊಂಡೆ. ಮಾಬುಬಿ ನನ್ನ ಕಡೆ ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ನಾನು ಕಿಟಕಿಯಾಚೆಯ ಸಮುದ್ರದ ಬಗ್ಗೆ ಏನೋ ಹೇಳಿದೆ. ಸಂತೆ ನೋಡಿ ಬಂದು ಹೇಳುತ್ತೇವೆ ಎಂದು ಅವಳು ಎದ್ದಳು.

ವಕೀಲನ ಡ್ರೈವರನ ಜೊತೆ ಅರ್ಧ ದಿನ ದೂರದ ಕಾಳಿನ ಸಂತೆಗೆ ಹೋದೆವು. ಡ್ರೈವರನಿಗೆ ಹಿಂದಿ ಬರುತ್ತಿತ್ತು, ಅಲ್ಲಿಯ ಮಾತೂ ಬರುತ್ತಿತ್ತು. ಗಾಡಿಯಿಂದ ಇಳಿಯುವ ಮುಂಚೆಯೇ ಒಂದು ಹೆಂಗಸಿನ ದನಿ ಕೇಳಿತು. ನಾನು ಮಾಬುಬಿಯ ಮುಖ ನೋಡಿದೆ, ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು. ಕೂಗುತ್ತಿದ್ದವಳು ಬೇರೆ. ತಲೆಗೆ ಹೂಬಟ್ಟೆ ಬಿಗಿದು, ಚೀಲಗಳ ಒಟ್ಟಿಲ ಮೇಲೆ ನಿಂತು, ಇಡೀ ಸಂತೆಗೆ ದರ ಹೇಳುತ್ತಿದ್ದಳು. ಹೆಸರು ನೀಮಾ. ಸುತ್ತಲಿನ ಹಳ್ಳಿಗಳಿಂದ ತೊಗರಿ ಕೂಡಿಸಿ ಮಾರುವವಳು.

ಮಾಬುಬಿ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟ್ಟನೆ ಒಡೆದಳು. ನೀಮಾಳೂ ಒಂದು ಹಾಕಿಕೊಂಡು ಒಡೆದಳು. ಆಮೇಲೆ ಇಬ್ಬರೂ ಅವರವರ ಭಾಷೆಯಲ್ಲಿ ಕೂಗಾಡಿದರು, ಕೈ ಮೇಲೆತ್ತಿ ಬೆರಳು ಬಿಡಿಸಿ ತೋರಿಸಿದರು, ಎಲ್ಲರೆದುರಿಗೆ, ಬಿಸಿಲಿನಲ್ಲಿ. ನೋಡಲು ನನಗೆ ನಾಚಿಕೆಯಾಯಿತು. ಕೊನೆಗೆ ನೀಮಾ ಸೊಂಟದ ಮೇಲೆ ಕೈ ಇಟ್ಟು ಏನೋ ಕೇಳಿದಳು. ಡ್ರೈವರ ಅದನ್ನು ಮಾಬುಬಿಯ ಕಿವಿಯಲ್ಲಿ ಹೇಳಿದ. ಮಾಬುಬಿ ನೀಮಾಳ ಬೆನ್ನು ತಟ್ಟಿ ನಕ್ಕಳು. ಏನು ಕೇಳಿದಳೆಂದು ನಾನು ವಿಚಾರಿಸಲಿಲ್ಲ. ನಮ್ಮ ಕಟ್ಟೆಯ ಮೇಲೆ ಇಷ್ಟು ವರ್ಷ ರೊಟ್ಟಿ ಹಂಚಿಕೊಂಡು ತಿಂದರೂ ಅವಳು ನನ್ನೊಂದಿಗೆ ಹಾಗೆ ನಕ್ಕಿರಲಿಲ್ಲ.

ಮರುದಿನ ವಕೀಲನ ಕಚೇರಿಗೆ ನೀಮಾ ನಮಗಿಂತ ಮೊದಲೇ ಬಂದು ಕೂತಿದ್ದಳು, ಇಸ್ತ್ರಿಯ ಬಟ್ಟೆಯಲ್ಲಿ.

"ಎರಡನೇ ಪಾಲು ಈಕೀದು" ಎಂದಳು ಮಾಬುಬಿ. ನನಗೆ ಕನ್ನಡದಲ್ಲೇ ಹೇಳಿದಳು. "ಹ್ಯಾಂಗ ಅಣ್ಣಾರ, ಸರಿ ಐತೇನ್ರಿ?"

"ಚಲೋ ಆತು" ಎಂದೆ. "ಈ ದೇಶದ ಮನುಷ್ಯಾರು ಒಬ್ರು ಇರಬೇಕು. ನಾನೂ ಅದ ಹೇಳಾಂವ ಇದ್ದೆ."

ಸಲಹೆ ಕೊಡುವವನಿಗೆ ಇದೊಂದು ಅನುಕೂಲ, ಸೋತರೂ ಸಲಹೆಯಂತೆ ಮಾತಾಡಬಹುದು. ಅವರಿಬ್ಬರೂ ಸಹಿ ಮಾಡಿದರು. ಸಾಕ್ಷಿ ಬೇಕೆಂದು ವಕೀಲ ಲೇಖನಿಯನ್ನು ನನ್ನ ಕಡೆ ಚಾಚಿದ. ಬೇರೆಯವರ ಮದುವೆಯಲ್ಲಿ ಫೋಟೋಕ್ಕೆ ನಿಲ್ಲಿಸಿದ ಹಾಗೆ, ಹೊಸ ಕೋಟಿನಲ್ಲಿ, ಮೂರನೆಯ ಜಾಗದಲ್ಲಿ ನನ್ನ ಹೆಸರು ಬರೆದೆ.

ಕಂಪನಿ ನಡೆಯಿತು. ಅವಳ ಕಾಳು ನೇರ ಅವಳ ಮಿಲ್ಲಿಗೆ ಬರತೊಡಗಿತು. ಚಹಾದಂಗಡಿಯಲ್ಲಿ ನನ್ನನ್ನು ಹಿಡಿದು, "ಈರಪ್ಪ, ನೀನೂ ಪಾಲುದಾರ ಏನಲೇ?" ಎಂದು ಕೇಳುತ್ತಿದ್ದರು. "ಸಲಹೆಗಾರ" ಎನ್ನುತ್ತಿದ್ದೆ. ನೀಮಾ ಯಾರೆಂದು ಪೇಟೆಗೆಲ್ಲ ಗೊತ್ತಾಯಿತು, ಫೋನಿನಲ್ಲಿ ಮಾಬುಬಿ ಅವಳ ಹೆಸರನ್ನು ಅಷ್ಟು ಜೋರಾಗಿ ಕೂಗುತ್ತಿದ್ದಳು. ನಮ್ಮ ಗದಗ ಕಡೆಯ ಮಾಗಡಿ ಕೆರೆಗೆ ಪರದೇಶದ ಹಕ್ಕಿಗಳು ಬಂದಿವೆ, ನೋಡಲು ಹೋಗೋಣ ಎಂದು ಮನೆಯವರು ಆ ವರ್ಷ ಕರೆದಾಗ, ಪರದೇಶದ್ದು ಏನೂ ಬೇಡ ಎಂದುಬಿಟ್ಟೆ.

ಕಳೆದ ಚಳಿಗಾಲದಲ್ಲಿ ಅವಳಿಗೆ ಅಲ್ಲಿ ಹೂಡಿಕೆದಾರರ ವಾಸದ ಪರವಾನಗಿ ಸಿಕ್ಕಿತು. ಮಿಲ್ಲನ್ನು ತಂಗಿಯ ಮಗಳಿಗೆ ಒಪ್ಪಿಸಿ, ಅಂಗಡಿಗೆ ಬೀಗ ಹಾಕಿ ಹೊರಟಳು. ಗದಗ ಸ್ಟೇಷನ್ನಿಗೆ ಬಿಡಲು ಹೋದೆ. ಒಣ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಟ್ಟೆ. ರೈಲು ತಡವಿತ್ತು. ಬೆಂಚಿನ ಮೇಲೆ ಕೂತು ಅವಳೇ ಮಾತು ತೆಗೆದಳು.

"ಅಣ್ಣಾರ, ಅವತ್ತು ವಕೀಲರ ಮುಂದ ನಿಮಗ ಪಾಲು ಬೇಕಾಗಿತ್ತು."

"ನನಗ್ಯಾಕ ಬೇಕು ತಂಗಿ."

"ನಾ ನಿಮ್ಮ ಮಾರಿ ನೋಡಿದೆ. ನೀವು ಸಮುದ್ರದ ಮಾತು ತಗದ್ರಿ. ಸಂತ್ಯಾಗ ಆಕಿ ಏನ್ ಕೇಳಿದ್ಲು ಗೊತ್ತೈತೇನು? ನಿನ್ನ ಕಂಪನ್ಯಾಗ ನನಗೂ ಪಾಲು ಕೊಡತಿ ಏನು, ಅಂತ ಕೇಳಿದ್ಲು. ಅಷ್ಟು ಮಂದ್ಯಾಗ, ನನ್ನ ಮಾರಿ ಮೊದಲನೇ ಸಲ ಕಂಡಾಕಿ. ನೀವು ಇಷ್ಟು ವರ್ಷ ಎದುರಿಗೆ ಕುಂತು ಒಂದ ಮಾತು ಕೇಳಲಿಲ್ಲ."

ನನ್ನ ಕೈ ಮಡಿಲಲ್ಲಿದ್ದ ವಲ್ಲಿಯ ಕೆಳಗಿತ್ತು. ಅವಳು ಅದನ್ನು ನೋಡಿ ನಕ್ಕು, ವಲ್ಲಿಯನ್ನು ಎತ್ತಿ ಮಡಚಿ ನನ್ನ ಹೆಗಲ ಮೇಲೆ ಇಟ್ಟಳು. ರೈಲು ಬಂತು. ಕಿಟಕಿಯಿಂದ ಕೈ ಹೊರಗೆ ಹಾಕಿ, ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ, "ಪುಂಡಿಪಲ್ಲೆ ಉಣ್ಣೂದು ಬಿಡಬ್ಯಾಡ್ರಿ" ಎಂದಳು.

ಈಗ ಎದುರಿನ ಕಟ್ಟೆಯ ಮೇಲೆ ಪಾರಿವಾಳಗಳು ಕೂರುತ್ತವೆ. ಸಾಲು ಸುಮ್ಮನಿದೆ, ದರ ತಿಳಿಯಬೇಕಾದರೆ ಎಲ್ಲರೂ ಫೋನು ಉಜ್ಜುತ್ತಾರೆ. ಹೋದ ವಾರ ಅವಳದೇ ವಿಡಿಯೋ ಕಾಲ್ ಬಂತು. ಗೋದಾಮಿನ ಮುಂದೆ ಇಬ್ಬರೂ ನಿಂತಿದ್ದರು. ನೀಮಾ ಮುಂದೆ ಬಂದು, "ಅಣ್ಣಾರ, ಎಷ್ಟು?" ಎಂದಳು. ಕನ್ನಡ ಕಲಿತಿದ್ದಾಳೆ. ನನ್ನನ್ನು ಅಣ್ಣಾರ ಎನ್ನಲು ಅವಳಿಗೆ ಹೇಳಿಕೊಟ್ಟವಳ ಮೇಲೂ, ಕಲಿತವಳ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಗದಗಿನ ಅಂದಿನ ತೊಗರಿ ದರ ಅವರಿಗೆ ಬೇಕಿತ್ತು. ಕಟ್ಟೆಯ ಮೇಲೆ ನಾಲ್ಕು ಜನ ವ್ಯಾಪಾರಿಗಳಿದ್ದರು. ನಾನು ವಲ್ಲಿಯನ್ನು ಫೋನಿನ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದೆ.

"ಕತ್ತಲಿ ಬಿಟ್ಟು ಏನೂ ಕಾಣವಲ್ದು ಅಣ್ಣಾರ" ಎಂದು ಮಾಬುಬಿ ಕೂಗಿದಳು.

ಆಗ ತಲೆಯನ್ನೂ ವಲ್ಲಿಯೊಳಗೆ ಹಾಕಿದೆ. ಆ ಸಣ್ಣ ಬೆಳಕಿನಲ್ಲಿ ಅವಳ ಮುಖ ಹತ್ತಿರ ಬಂತು. ಕನ್ನಡಕ ಕೊರಳಲ್ಲೇ ಇತ್ತು. ಯಾಕೋ, ದರ ಬಾಯಿಗೆ ಬರಲಿಲ್ಲ.

"ತಂಗಿ" ಎಂದೆ, ಆದಷ್ಟು ಸಣ್ಣ ದನಿಯಲ್ಲಿ, "ಆ ಕಂಪನ್ಯಾಗ ಮೂರನೇ ಪಾಲಿಗೆ ಜಾಗ ಐತೇನು?"

"ಏನಂದ್ರಿ? ಕೇಳವಲ್ದು. ಜೋರಾಗಿ ಹೇಳ್ರಿ."

ಕಟ್ಟೆಯ ಮೇಲಿನ ಮಾತು ನಿಂತಿತು. ವಲ್ಲಿಯ ಹೊರಗೆ ನಾಲ್ಕು ಜೋಡಿ ಕಿವಿ ಈ ಕಡೆ ತಿರುಗಿದ್ದು ನನಗೆ ನೋಡದೆಯೇ ಗೊತ್ತಾಯಿತು. ವಲ್ಲಿ ಕಿತ್ತೆಸೆದು ಎದ್ದು ನಿಂತೆ. ಸಾಲಿನ ತುದಿಯ ಚಹಾದಂಗಡಿಗೂ ಕೇಳುವಂತೆ, ಜೀವಮಾನದಲ್ಲಿ ಮೊದಲ ಸಲ, ತೊಗರಿಯ ದರವನ್ನು ಕೂಗಿ ಹೇಳಿಬಿಟ್ಟೆ.