ಕೆಂಪು ಚುಕ್ಕಿಗೊಂದು ವಾಲ್ಯೂಮ್

ನಿನ್ನೆ ಸಂಜೆ ಅಟ್ಟದಿಂದ ದೂರದರ್ಶಕದ ಪೆಟ್ಟಿಗೆ ಇಳಿಸಿದೆ. ಕೊಳವೆಯ ಬೆನ್ನ ಮೇಲಿನ ಪುಟ್ಟ ಸಾಧನಕ್ಕೆ ಹೊಸ ಸೆಲ್ ಹಾಕಿ, ಪಕ್ಕದಲ್ಲಿ ಕರಿ ಟೇಪಿನಲ್ಲಿ ಸುತ್ತಿದ್ದ ಗುಂಡಿಯನ್ನು ತಿರುಗಿಸಿದೆ. ಟಕ್ ಎಂದಿತು. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಹಚ್ಚಿದವರಿಗೆಲ್ಲ ಪರಿಚಯವಿರುವ ಸದ್ದು. ನಕ್ಷತ್ರ ನೋಡುವ ಯಂತ್ರಕ್ಕೆ ರೇಡಿಯೋದ ಗುಂಡಿ ಹೇಗೆ ಬಂತು ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅದಕ್ಕೆ ನನ್ನ ದಡ್ಡತನವನ್ನೂ ಒಂದು ಸುಳ್ಳನ್ನೂ ನಿಮ್ಮೆದುರು ಬಿಚ್ಚಿಡಬೇಕು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಕೊಪ್ಪದಲ್ಲಿ ವಿಜ್ಞಾನದ ಮೇಷ್ಟ್ರು, ಇನ್ನೂ ಮದುವೆಯಾಗದವನು. ಬೆಂಗಳೂರಿನಿಂದ ದೂರದರ್ಶಕ ತರಿಸಿಕೊಂಡು, ತಾಲ್ಲೂಕಿಗೇ ಒಬ್ಬ ಖಗೋಳಜ್ಞ ಎಂಬಂತೆ ಓಡಾಡುತ್ತಿದ್ದೆ. ಚಂದ್ರನನ್ನು ತೋರಿಸುವುದು ಬಿಟ್ಟರೆ ನನಗೆ ಹೆಚ್ಚೇನೂ ಬರುತ್ತಿರಲಿಲ್ಲ. ಚಂದ್ರನನ್ನು ಹುಡುಕಲು ಪಾಂಡಿತ್ಯವೇನೂ ಬೇಕಿಲ್ಲವಲ್ಲ.

ನಾನು ಬಾಡಿಗೆಗಿದ್ದದ್ದು ಗಿರಿಜಕ್ಕನ ಮನೆಯ ಮಹಡಿಯಲ್ಲಿ. ಅವರ ಯಜಮಾನರಿಗೆ ನರಸಿಂಹರಾಜಪುರದಲ್ಲಿ ಬಟ್ಟೆ ಅಂಗಡಿಯಿತ್ತು. ಅವರು ತೀರಿಕೊಂಡ ಮೇಲೆ ಗಿರಿಜಕ್ಕ ಕೊಪ್ಪಕ್ಕೆ ಬಂದು ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ. ಪ್ರತಿ ತಿಂಗಳೂ ಪುಷ್ಯ ನಕ್ಷತ್ರದ ದಿನ ಈಶ್ವರನ ಗುಡಿಗೆ ಹೋಗಿ ತಮ್ಮ ಹೆಸರಿನಲ್ಲಿ ಅರ್ಚನೆ ಮಾಡಿಸುವುದು ಅವರ ಪದ್ಧತಿ. ಅದು ಅವರ ಜನ್ಮನಕ್ಷತ್ರ. ಒಮ್ಮೆ ನಾನು ಪಾಠದ ಧಾಟಿಯಲ್ಲಿ, "ಆ ಪುಷ್ಯವನ್ನು ಯಾವತ್ತಾದರೂ ನೋಡಿದ್ದೀರಾ?" ಎಂದೆ.

"ಎಂತ, ಅದು ನೋಡ್ಲಿಕ್ಕೂ ಸಿಕ್ತದಾ?" ಎಂದರು. "ನಲವತ್ತು ವರ್ಷದಿಂದ ಭಟ್ರ ಹತ್ರ ಹೆಸರು ಹೇಳ್ತಾ ಇದೀನಿ. ಅದರ ಮುಖ ಕಂಡವಳಲ್ಲ. ಒಂದ್ಸಲ ತೋರ್ಸಿ ಮಾರಾಯ್ರೆ. ಬೇಗ ತೋರ್ಸಿ."

ಆ 'ಬೇಗ' ಯಾಕೆಂದು ನನಗೆ ಗೊತ್ತಿತ್ತು. ಕಣ್ಣಿನೊಳಗೆ ಒತ್ತಡ ಏರಿ ಅವರ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಶಿವರಾತ್ರಿ ಮುಗಿದ ಮರುವಾರ ಶಿವಮೊಗ್ಗದಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಉಳಿಯುತ್ತದೆ ಎಂದು ಡಾಕ್ಟರೂ ಭರವಸೆ ಕೊಟ್ಟಿರಲಿಲ್ಲ.

ಪುಷ್ಯವೆಂದರೆ ಪುನರ್ವಸುವಿನ ಜೋಡಿ ನಕ್ಷತ್ರಕ್ಕೂ ಥಳಥಳಿಸುವ ಮಖೆಗೂ ನಡುವೆ ಇರುವ, ನಕ್ಷತ್ರಗಳ ಒಂದು ಮಸುಕು ಗುಂಪು. ಬರಿಗಣ್ಣಿಗೆ ಬಾಯಿಯ ಹಬೆಯಷ್ಟೇ ಕಾಣುತ್ತದೆ. ಅದರತ್ತ ಗುರಿಯಿಡಲು ಇರುವುದೇ ನಾನು ಹೇಳಿದ ಆ ಪುಟ್ಟ ಸಾಧನ, ರೆಡ್ ಡಾಟ್ ಫೈಂಡರ್. ಅದರ ಗಾಜಿನ ಮೂಲಕ ನೋಡಿದರೆ ಆಕಾಶದ ಮೇಲೆ ಒಂದು ಕೆಂಪು ಚುಕ್ಕಿ ಕೂತಂತೆ ಕಾಣುತ್ತದೆ. ಚುಕ್ಕಿ ಎಲ್ಲಿ ಕೂತಿತೋ ದೂರದರ್ಶಕ ಅಲ್ಲಿಗೆ ಮುಖ ಮಾಡಿದೆ ಎಂದರ್ಥ. ನನ್ನದರ ಚುಕ್ಕಿ ಮಾತ್ರ ಲಾರಿಯ ಹಿಂದಿನ ದೀಪದಂತೆ ಉರಿಯುತ್ತಿತ್ತು. ಹಚ್ಚಿದರೆ ಅದರ ಪ್ರಖರತೆಗೆ ಪುಷ್ಯ ಮಾಯ, ಆರಿಸಿದರೆ ಗುರಿಯೇ ಮಾಯ. ಕಡಿಮೆ ಮಾಡಲು ಏನೂ ಇರಲಿಲ್ಲ.

ಮಾತಾದ ದಿನವೇ ಸಂಜೆ ಏಳೂವರೆಗೆ ಗಿರಿಜಕ್ಕ ಸ್ನಾನ ಮಾಡಿ, ಮಡಿ ಸೀರೆ ಉಟ್ಟು ತಾರಸಿಗೆ ಬಂದರು. ನಾನು ಮುಕ್ಕಾಲು ಗಂಟೆ ಕತ್ತು ನೋಯಿಸಿಕೊಂಡು ತಡಕಾಡಿದೆ. ಅವರು ಸ್ಟೂಲಿನ ಮೇಲೆ ಕೈಕಟ್ಟಿ ಕೂತೇ ಇದ್ದರು. ಕೊನೆಗೆ ನನಗೆ ಅವಮಾನ ತಡೆಯಲಾಗಲಿಲ್ಲ. ಸುಲಭಕ್ಕೆ ಸಿಗುವ ಮಖೆಯನ್ನು ಹಿಡಿದು, "ಬನ್ನಿ, ಇದೇ ಪುಷ್ಯ" ಎಂದುಬಿಟ್ಟೆ.

ಅವರು ನೋಡಿದರು. ಕೈ ಮುಗಿದರು. ಆಮೇಲೆ ಮೆಲ್ಲಗೆ, "ಒಂದೇ ಒಂದು. ನನ್ನ ಹಾಂಗೇ ಒಂಟಿ" ಎಂದು ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದರು.

ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅವರು ಪೂರ್ವಕ್ಕೆ ತಿರುಗಿ ಕೈ ಮುಗಿಯುವುದನ್ನು ಕಂಡು ಇನ್ನಷ್ಟು ಕುಗ್ಗಿಹೋದೆ. ಬಳೆ ಅಂಗಡಿಗೆ ಹೋಗಿ ಹಣೆಗಿಡುವ ಸ್ಟಿಕ್ಕರ್ ಬೊಟ್ಟಿನ ಹಾಳೆ ತಂದೆ. ಅಂಗಡಿಯವಳು ನನ್ನನ್ನು ನೋಡಿ ನಕ್ಕ ನಗೆಗೆ ಬೇರೆಯೇ ಅರ್ಥವಿತ್ತು. ಬೊಟ್ಟನ್ನು ಫೈಂಡರಿನ ದೀಪಕ್ಕೆ ಅಂಟಿಸಿದೆ, ಕತ್ತಲಾಯಿತು. ಸೂಜಿಯಿಂದ ತೂತು ಹಾಕಿದೆ, ಚುಕ್ಕಿ ಎರಡಾಯಿತು.

ಗಿರಿಜಕ್ಕನ ರೇಡಿಯೋ ಕೆಟ್ಟಾಗಲೆಲ್ಲ ಅದು ನರಸಿಂಹರಾಜಪುರಕ್ಕೇ ಹೋಗಬೇಕಿತ್ತು, ಅವರ ಯಜಮಾನರ ಅಂಗಡಿಯ ಪಕ್ಕದಲ್ಲಿದ್ದ ಬಾಷಾ ಸಾಹೇಬರ ರಿಪೇರಿ ಅಂಗಡಿಗೆ. ಅದು ನೆನಪಾಗಿ, ಭಾನುವಾರ ಫೈಂಡರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಸಾಹೇಬರು ಕನ್ನಡಕ ಹಣೆಗೇರಿಸಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಕೆಟ್ಟಿಲ್ಲ ಮೇಷ್ಟ್ರೆ. ಸುಮ್ನೆ ಕೂಗ್ತಾ ಉಂಟು. ಇದಕ್ಕೊಂದು ವಾಲ್ಯೂಮ್ ಇಟ್ರೆ ಆಯ್ತು. ನಾಳಿದ್ದು ಬನ್ನಿ."

"ನಾಳಿದ್ದಕ್ಕೆ ಆಗುವುದಿಲ್ಲ ಸಾಹೇಬರೆ," ಎಂದು, ಮರುದಿನವೇ ಆಪರೇಷನ್ನಿಗೆ ಹೊರಡಬೇಕಿದ್ದ ಗಿರಿಜಕ್ಕನ ಕಣ್ಣಿನ ವಿಷಯ ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. "ಗಿರಿಜಮ್ಮೋರಿಗಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ! ನಮ್ಮನೆ ಮಕ್ಳಿಗೆಲ್ಲ ಹಬ್ಬದ ಬಟ್ಟೆ ಆರಿಸಿ ಕೊಟ್ಟ ಕೈ ಅದು." ಮೂಲೆಯ ರಾಶಿಯಿಂದ ಹಳೇ ಟ್ರಾನ್ಸಿಸ್ಟರೊಂದನ್ನು ಎಳೆದು, ಅದರ ವಾಲ್ಯೂಮ್ ಗುಂಡಿಯನ್ನು ಕಿತ್ತು, ಎರಡು ವಯರಿನಿಂದ ಫೈಂಡರಿಗೆ ಬೆಸೆದರು. ಚುಕ್ಕಿ ಸಣ್ಣಗಾಯಿತು. ನನಗೆ ಅಷ್ಟೇ ಸಾಕಿತ್ತು. ಅವರಿಗೆ ಸಾಕಾಗಲಿಲ್ಲ. ಕತ್ತಲಲ್ಲಿ ನೋಡದೆ ಕೊಡುವುದಿಲ್ಲವೆಂದು ಮಟಮಟ ಮಧ್ಯಾಹ್ನ ಅಂಗಡಿಯ ಶಟರ್ ಎಳೆದರು. ಹೊರಗೆ ಗಿರಾಕಿಗಳು ಬಡಿಯುತ್ತಿದ್ದರೆ, ಒಳಗೆ ನಾವಿಬ್ಬರು ಬೆವರುತ್ತಾ ಸರದಿಯಂತೆ ಫೈಂಡರಿನ ಗಾಜಿನಲ್ಲಿ ಕೆಂಪು ಚುಕ್ಕಿ ನೋಡುತ್ತಾ ಕೂತೆವು. ಕಣ್ಣು ಕತ್ತಲಿಗೆ ಒಗ್ಗಿದಂತೆ ಚುಕ್ಕಿ ಮತ್ತೆ ಜೋರಾಗಿ ಕಂಡಿತು. ಅವರು ಒಳಗೆ ಕರೆಂಟು ತಗ್ಗಿಸುವ ಇನ್ನೊಂದು ರೆಸಿಸ್ಟರ್ ಸೇರಿಸಿದರು. ಇದೆಯೋ ಇಲ್ಲವೋ ಎಂಬಷ್ಟಕ್ಕೆ ಚುಕ್ಕಿ ಇಳಿದ ಮೇಲೆಯೇ ಶಟರ್ ಎತ್ತಿದ್ದು. ಹೊರಗಿದ್ದವರು ನಮ್ಮನ್ನು ನೋಡಿದ ನೋಟ ತಪ್ಪಿಸಿಕೊಂಡು ನಾನು ಬಸ್ಸಿಗೆ ಓಡಿದೆ.

ಆ ಸಂಜೆ ಫೈಂಡರಿನಲ್ಲಿ ಚುಕ್ಕಿಯೂ ಪುಷ್ಯವೂ ಒಟ್ಟಿಗೆ ಕಂಡವು. ಗಿರಿಜಕ್ಕನನ್ನು ಕರೆದು, ನೋಡುವ ಮೊದಲೇ ತಪ್ಪೊಪ್ಪಿಕೊಂಡೆ.

"ಹಾಂಗಾರೆ ಇಷ್ಟು ದಿನ ನಾ ಯಾರಿಗೆ ಕೈ ಮುಗ್ದೆ ಮಾರಾಯ್ರೆ?"

"ಮಖೆಗೆ."

ಗಿರಿಜಕ್ಕ ನಕ್ಕುಬಿಟ್ಟರು. "ಮಖೆ ನಮ್ಮ ಯಜಮಾನ್ರದ್ದು. ಲುಕ್ಸಾನೇನಿಲ್ಲ ಬಿಡಿ."

ಆಮೇಲೆ ಬಗ್ಗಿ ಬಲಗಣ್ಣಿಟ್ಟರು. ಈ ಸಲವೂ ತಪ್ಪಿತೇ ಎಂದು ನಾನು ಹೆದರುವಷ್ಟು ಹೊತ್ತು ಕಣ್ಣು ತೆಗೆಯಲಿಲ್ಲ.

"ಅಯ್ಯೋ, ಎಷ್ಟೊಂದು ಜನ!" ಎಂದರು. "ಒಂಟಿ ಅಂದ್ಕಂಡಿದ್ನಲ್ಲ. ಮನೆ ತುಂಬ ಜನ ಇದಾರೆ."

ಅವರು ಅಳುತ್ತಿದ್ದರು. ನಾನೂ ಅತ್ತೆ, ಮುಚ್ಚಿಡುವುದೇನು. ನನ್ನ ಸುಳ್ಳನ್ನು ಬೈಯದೆ ಬಿಟ್ಟ ಆ ಹೆಂಗಸಿಗೂ, ಭಾನುವಾರದ ವ್ಯಾಪಾರ ಬಿಟ್ಟು ಶಟರ್ ಎಳೆದ ಸಾಹೇಬರಿಗೂ ನಾನು ಸರಿಯಾಗಿ ಕೃತಜ್ಞತೆ ಹೇಳಿದ್ದು ನೆನಪಿಲ್ಲ. ಸಾಹೇಬರು ಈಗಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆಪರೇಷನ್ನಿನ ಮೇಲೆ ಆ ಕಣ್ಣು ನಾಲ್ಕು ವರ್ಷ ಬಾಳಿತು, ಆಮೇಲೆ ಅದೂ ಹೋಯಿತು. ಗಿರಿಜಕ್ಕ ಈಗ ಶೃಂಗೇರಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ವರ್ಷವರ್ಷವೂ ಶಿವರಾತ್ರಿಯ ಆಸುಪಾಸು ನನಗೆ ಫೋನ್ ಮಾಡುತ್ತಾರೆ. "ಎಲ್ಲಾ ಬಂದಿದಾರಾ ಮೇಷ್ಟ್ರೆ?" ಎಂದು ಕೇಳುತ್ತಾರೆ. "ಬಂದಿದಾರೆ ಗಿರಿಜಕ್ಕ" ಎನ್ನುತ್ತೇನೆ. ಮೊದಮೊದಲು ಹೊರಗೆ ಹೋಗಿ ನೋಡಿಯೇ ಹೇಳುತ್ತಿದ್ದೆ. ಬೀದಿಗೆ ಬಿಳಿ ದೀಪಗಳು ಬಂದ ಮೇಲೆ, ಮಂಡಿ ನೋವೂ ಜೊತೆಯಾದ ಮೇಲೆ, ಕೂತಲ್ಲೇ ಹೇಳುವುದು ಅಭ್ಯಾಸವಾಯಿತು. ನಿನ್ನೆಯೂ ಹಾಗೆಯೇ ಹೇಳಿದೆ.

"ಟೀವಿ ಸದ್ದು ಕೇಳ್ತಾ ಉಂಟು ಮೇಷ್ಟ್ರೆ," ಎಂದರು ಗಿರಿಜಕ್ಕ. "ಮೂರ್ನಾಲ್ಕು ವರ್ಷದಿಂದ ಕೇಳ್ತಾ ಉಂಟು."

ಟೀವಿ ಆರಿಸಿ, ಅಟ್ಟಕ್ಕೆ ಏಣಿ ಹಾಕಿದೆ. ಬೀದಿದೀಪ ಬೀಳದ ನೀರಿನ ಟ್ಯಾಂಕಿನ ಮರೆಯಲ್ಲಿ ದೂರದರ್ಶಕ ನಿಲ್ಲಿಸಿ, ಚುಕ್ಕಿಯನ್ನು ಆದಷ್ಟೂ ಇಳಿಸಿ, ಅವರಿಗೆ ಫೋನ್ ಹಚ್ಚಿದೆ. ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸಿದೆ. ಆ ಕಡೆಯಿಂದ ಅವರೂ ಎಣಿಸಿದರು. ಮೂವತ್ತೆಂಟಕ್ಕೆ ನನ್ನ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು.

"ತಪ್ಪಿಹೋಯಿತು ಗಿರಿಜಕ್ಕ" ಎಂದು ಇದ್ದದ್ದನ್ನೇ ಹೇಳಿದೆ.

"ತಪ್ಲಿ ಬಿಡಿ. ಮತ್ತೆ ಒಂದರಿಂದ ಹೇಳಿ," ಎಂದರು.