ಬೇಲಿ ಪಕ್ಕದ ಮಗು

ಅಮೆರಿಕದ ನೇಪರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿಗೆ ಎಂಬತ್ತು ದಾಟಿದೆ. ಸ್ಕಾಟ್ಲೆಂಡಿನಿಂದ ಬಂದ ರೈತರ ವಂಶ ಅವರದು. ಆ ರೈತರು ಮುಸುಕಿನ ಜೋಳದ ಹೊಲಗಳ ನಡುವೆ ಕಟ್ಟಿಕೊಂಡ ಚರ್ಚು, ಅದರ ಸುತ್ತಲಿನ ಸ್ಮಶಾನ ಇನ್ನೂ ಇವೆ. ರಸ್ತೆ ಅಗಲ ಮಾಡಲು ಸ್ಮಶಾನದ ಬೇಲಿಯಂಚಿನ ಜಾಗ ಬೇಕೆಂದು ಸರ್ಕಾರದವರು ಕೇಳಿದರು. ಅಲ್ಲಿ ಕಲ್ಲುಗಳಿಲ್ಲ, ಆದ್ದರಿಂದ ಗೋರಿಗಳೂ ಇಲ್ಲ ಎಂಬುದು ಅವರ ವಾದ. ಆಂಟಿ ಸುತರಾಂ ಒಪ್ಪಲಿಲ್ಲ. ಹುಟ್ಟಿದ ವಾರದಲ್ಲೇ ತೀರಿಕೊಂಡ ಅವರ ಅಣ್ಣನನ್ನು ಆ ಬೇಲಿಯ ಪಕ್ಕದಲ್ಲೇ ಹೂಳಿದ್ದೆಂದು ಅವರ ತಾಯಿ ಹೇಳಿದ್ದರಂತೆ. ಗೋರಿ ಸಿಕ್ಕರೆ ರಸ್ತೆ ಆಚೆ ಸರಿಯುತ್ತದೆ. ಸಿಗದಿದ್ದರೆ ಮಗುವಿನ ಮೇಲೆ ಡಾಂಬರು.

ಪುರಾತತ್ವದ ಮೇಡಂ ಒಬ್ಬರು ಶನಿವಾರಗಳಂದು ಕೆಲಸಕ್ಕೆ ಜನರನ್ನು ಕರೆದರು. ಆಂಟಿಯ ಮುಖ ನೋಡಿ ನಾನೂ ಹೋದೆ. ಗುದ್ದಲಿ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟದ್ದು ಗಾರೆಯವರ ಕರಣೆ. ಕಪ್ಪು ಮಣ್ಣನ್ನು ಅದರಿಂದ ದೋಸೆಯಷ್ಟು ತೆಳ್ಳಗೆ ಕೆರೆಯಬೇಕು. ಮೂಳೆ ಹುಡುಕುವಂತಿಲ್ಲ. ಹಿಂದೆ ಅಗೆದು ಮುಚ್ಚಿದ ಕಡೆ ಕೆಳಗಿನ ಹಳದಿ ಜೇಡಿಮಣ್ಣಿನ ಬಣ್ಣ ಬದಲಾಗಿರುತ್ತದೆ, ಆ ಗುರುತು ಕಂಡರೆ ಸಾಕು.

ಮೈಸೂರಿನಿಂದ ಬಂದಿದ್ದ ಅಮ್ಮ ಜೊತೆಗೆ ಬರುತ್ತಿದ್ದಳು, ಆದರೆ ಕಾರಿನಿಂದ ಇಳಿಯುತ್ತಿರಲಿಲ್ಲ. "ಹೆಂಗಸ್ರು ಮಸಣಕ್ಕೆ ಕಾಲಿಡ್ಬಾರ್ದು ಕಣೆ. ನಿಂಗೆ ಹೇಳಿ ಏನ್ ಪ್ರಯೋಜನ," ಎನ್ನುವಳು. ಮನೆಗೆ ಬಂದರೆ ಗ್ಯಾರೇಜಿನಲ್ಲೇ ತಲೆಗೆ ನೀರು ಸುರಿದುಕೊಳ್ಳದೆ ನನಗೆ ಒಳಗೆ ಪ್ರವೇಶವಿಲ್ಲ, ಅದೂ ನನ್ನದೇ ಮನೆಗೆ.

ಕೊನೆಯ ಶನಿವಾರ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಜೇಡಿ ಒಣಗಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿತ್ತು. ಒದ್ದೆಯಾದರೆ ವ್ಯತ್ಯಾಸ ಕಾಣುತ್ತದೆ, ಸ್ವಲ್ಪ ನೀರು ಹಾಕಿ ಎಂದರು ಮೇಡಂ. ನಾನು ಬಕೆಟ್ ಎತ್ತಿ ದಬದಬ ಸುರಿದೆ. ಕೆಸರೋ ಕೆಸರು. ಕಾರಿನ ಬಾಗಿಲು ತೆರೆದ ಸದ್ದಾಯಿತು.

"ಅಂಗಳಕ್ಕೆ ನೀರು ಹಾಕೋಕೂ ಬರಲ್ವಲ್ಲೇ ನಿಂಗೆ. ತಾ ಇಲ್ಲಿ."

ಅಮ್ಮ ಸೆರಗು ಸಿಕ್ಕಿಸಿ, ನಾನು ಕೆಡಿಸದೆ ಉಳಿದ ಜಾಗಕ್ಕೆ ಬೊಗಸೆ ಬೊಗಸೆಯಾಗಿ ನೀರು ಚಿಮುಕಿಸಿದಳು, ರಂಗೋಲಿಗೆ ಮುಂಚೆ ಚಿಮುಕಿಸುವ ಹಾಗೆಯೇ. ಹಳದಿಯ ನಡುವೆ ನಿಧಾನವಾಗಿ ಒಂದು ಕಪ್ಪು ಆಕಾರ ಎದ್ದಿತು. ಅದು ತೊಟ್ಟಿಲಿನಷ್ಟಿತ್ತು. ಯಾರದೆಂದು ಮಣ್ಣು ಹೇಳುವುದಿಲ್ಲ, ಆದರೆ ಮಗುವಿನ ಗೋರಿ ಹೌದು, ರಸ್ತೆ ಸರಿಯಲೇಬೇಕು ಎಂದರು ಮೇಡಂ. ಕುರ್ಚಿ ಹಾಕಿಕೊಂಡು ಕಾದಿದ್ದ ಆಂಟಿ ಎದ್ದು ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತರು. ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೂ ಅತ್ತೆ.

ದಾರಿಯುದ್ದಕ್ಕೂ ಅಮ್ಮ ಒದ್ದೆ ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಕಾರಣ ನನಗೆ ಗೊತ್ತಿತ್ತು. ನನಗಿಂತ ಮೊದಲು ಅವಳಿಗೆ ಒಂದು ಗಂಡು ಮಗು ಹುಟ್ಟಿ ತೀರಿಕೊಂಡಿತ್ತು. ಸೋದರಮಾವ ಎತ್ತಿಕೊಂಡು ಹೋಗಿ ಹೂಳಿ ಬಂದಿದ್ದ. ಎಲ್ಲಿ ಎಂದು ಬಾಣಂತಿಗೆ ಯಾರು ಹೇಳುತ್ತಾರೆ? ಅಜ್ಜಿ ಒಮ್ಮೆ ನನಗೆ ಗುಟ್ಟಾಗಿ ಹೇಳಿದ್ದು ಬಿಟ್ಟರೆ, ಆಮೇಲೆ ಮನೆಯಲ್ಲಿ ಆ ಮಾತನ್ನೇ ಯಾರೂ ಎತ್ತಲಿಲ್ಲ.

ಊರಿನಲ್ಲಿ ಬೆಳಗಾಗುವುದನ್ನೇ ಕಾದಿದ್ದು ಅಮ್ಮ ಮಾವನಿಗೆ ಫೋನ್ ಮಾಡಿದಳು. ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ.

"ಅಣ್ಣಯ್ಯ, ನನ್ ಮಗುನ ಮಣ್ಣು ಮಾಡಿದ್ ಜಾಗ ನೆನಪಿದ್ಯಾ? ನಾನು ಬಂದ್ಮೇಲೆ ತೋರಿಸ್ಬೇಕು ನೀನು."



"ಇಷ್ಟು ವರ್ಷ ನೀನು ಕೇಳ್ಲೇ ಇಲ್ವಲ್ಲವ್ವ," ಎಂದ ಮಾವ. "ಬಾ, ಕರ್ಕೊಂಡ್ ಹೋಗ್ತೀನಿ."